ಸುಸ್ತಿಗೆಂದು ತಂದ ಬಾಟಲಿಗಳು

ಮಗಳ ಸುಸ್ತಿಗೆಂದು ತಂದ ಬಾಟಲಿ, ಡಬ್ಬಿಗಳನ್ನೆಲ್ಲ ಒಮ್ಮೆ ಮೇಜಿನ ಮೇಲೆ ಸಾಲಾಗಿಟ್ಟು ಲೇಬಲ್ ಓದಿ. ಮಲ್ಟಿವಿಟಮಿನ್‌ನಲ್ಲಿ ಬಿ6, ‘ನರಕ್ಕೆ ಒಳ್ಳೆಯದು’ ಎಂದು ಯಾರೋ ಹೇಳಿದ ಮಾತ್ರೆಯಲ್ಲಿ ಬಿ6, ಹಾಲಿಗೆ ಹಾಕುವ ಪುಡಿಯಲ್ಲೂ ಬಿ6. ಅದು ಮಿತಿಮೀರಿ ತಿಂಗಳುಗಟ್ಟಲೆ ಒಳಗೆ ಹೋದರೆ ನರಗಳೇ ಕೆಡುತ್ತವೆ, ಕೈಕಾಲು ಜೋಮು ಹಿಡಿಯುತ್ತದೆ.

ಜ್ವರ ಬಿಟ್ಟು ತಿಂಗಳಾದರೂ ಮಗು ಚೇತರಿಸಿಕೊಂಡಿಲ್ಲ, ಒಂದು ದಿನ ಶಾಲೆಗೆ ಹೋಗಿಬಂದರೆ ಮರುದಿನ ಏಳಲಾಗುವುದಿಲ್ಲ, ಎಷ್ಟು ಮಲಗಿದರೂ ದಣಿವು ಆರುವುದಿಲ್ಲ ಎಂದಾದರೆ ಅದು ಸೋಮಾರಿತನವಲ್ಲ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದು. ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಮಕ್ಕಳಲ್ಲಿ 4 ವಾರಕ್ಕೇ ಸಂಶಯಪಡಬೇಕು, 3 ತಿಂಗಳಾದ ಮೇಲಷ್ಟೇ ಖಚಿತಪಡಿಸಬೇಕು. ಅದಕ್ಕೆ ಮೊದಲು ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಸಕ್ಕರೆ ನೋಡಿಸಿ. ನಮ್ಮ ಕಾರಡ್ಕದಲ್ಲಿ ಸುಸ್ತು ಎಂದೊಡನೆ ಎಂಡೋಸಲ್ಫಾನ್ ಕೀಟನಾಶಕ ನೆನಪಾಗುವುದು ಸಹಜ; 2000ದವರೆಗೂ ಈ ಕಡೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದ್ದರು. ಹಾಗೆಂದು ಥೈರಾಯ್ಡ್ ಪರೀಕ್ಷೆಯನ್ನು ಬಿಡಬೇಡಿ.

ಈ ಕಾಯಿಲೆಯನ್ನು ಗುಣಪಡಿಸುವ ವಿಟಮಿನ್ ಇನ್ನೂ ಸಿಕ್ಕಿಲ್ಲ. ಪರೀಕ್ಷೆಯಲ್ಲಿ ಕಂಡ ಕೊರತೆ ತುಂಬುವುದಷ್ಟೇ ಮಾತ್ರೆಯ ಕೆಲಸ. ಬಿಸಿಲು ಕಾಣದೆ ಮನೆಯೊಳಗೇ ಮಲಗಿದ ಮಗುವಿಗೆ ವಿಟಮಿನ್ ಡಿ ಕಡಿಮೆಯಾಗಬಹುದು. ಆದರೆ ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಯೂನಿಟ್ಟಿನ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗಿಸುತ್ತ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಿಡ್ನಿಗೂ ಪೆಟ್ಟು. ಸುಸ್ತೂ ಹೆಚ್ಚುತ್ತದೆ! ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನೂ ಲೆಕ್ಕಕ್ಕೆ ಸೇರಿಸಿ.

ಊಟಕ್ಕೆ ನಮ್ಮಲ್ಲಿ ಬರವಿಲ್ಲ. ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ, ಮೀನು ತಿನ್ನುವವರಿಗೆ ಬೂತಾಯಿ. ಕಬ್ಬಿಣ ಮೈಗೆ ಹತ್ತಲು ಜೊತೆಗೆ ನೆಲ್ಲಿಕಾಯಿ ಚಟ್ನಿಯೋ ಲಿಂಬೆರಸವೋ ಇರಲಿ; ಚಾ ಊಟದಿಂದ ಒಂದು ಗಂಟೆ ದೂರ ಇರಲಿ. ಕಷ್ಟ ಬೇರೆಯೇ ಇದೆ: ದಣಿದ ಮಗುವಿಗೆ ಬಟ್ಟಲೆದುರು ಅರ್ಧ ಗಂಟೆ ಕೂತಿರುವುದೇ ದೊಡ್ಡ ಕೆಲಸ. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸಬಹುದು. ಅಂಥ ದಿನ ಮಂಚದ ಬಳಿಗೇ ಸಣ್ಣ ಲೋಟದಲ್ಲಿ ಕುಚ್ಚಲಕ್ಕಿ ಗಂಜಿ, ಒಂದು ಚಮಚ ತುಪ್ಪ. ಎರಡು ಗಂಟೆ ಬಿಟ್ಟು ಒಂದು ಬಾಳೆಹಣ್ಣು.

ಅತ್ತೆ ಹಾಲು ಬೇಡವೆಂದರು, ಯೂಟ್ಯೂಬಿನವ ಗೋಧಿ ಬೇಡವೆಂದ ಎಂದು ಒಂದೊಂದೇ ಬಿಡಿಸಿದರೆ ಬೆಳೆಯುವ ಮಗುವಿನ ಬಟ್ಟಲಲ್ಲಿ ಉಳಿಯುವುದು ಅನ್ನ ಮಾತ್ರ. ತಿಂಗಳಿಗೊಮ್ಮೆ ತೂಕ ಬರೆದಿಡಿ. ಇಳಿಯುತ್ತಿದ್ದರೆ ಆಹಾರತಜ್ಞರಿಗೆ ತೋರಿಸಿ. ಡಾಕ್ಟರಲ್ಲಿಗೆ ಹೋಗುವಾಗ ಆ ಬಾಟಲಿಗಳನ್ನೆಲ್ಲ ಚೀಲಕ್ಕೆ ಹಾಕಿ ಒಯ್ಯಿರಿ. ಬೈದಾರೆಂದು ಅರಿಷ್ಟದ ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ. ಅದರಲ್ಲೂ ಸ್ವಲ್ಪ ಆಲ್ಕೋಹಾಲ್ ಇರುತ್ತದೆ.