ಲ್ಯಾಪ್‌ಟಾಪಿಗೆ ಹೊರಗಿನ ಹಾರ್ಡ್ ಡಿಸ್ಕ್: ಆಯ್ಕೆ ಮತ್ತು ಜೋಡಣೆ

ನಮ್ಮ ಸದಸ್ಯರಲ್ಲಿ ಅನೇಕರಿಗೆ ಈಗ ಲ್ಯಾಪ್‌ಟಾಪೇ ತೋಟದ ಕಚೇರಿ. ಚೆಕ್‌ರೋಲು, ಗೊಬ್ಬರದ ಬಿಲ್ಲುಗಳು, ಪಹಣಿಯ ಸ್ಕ್ಯಾನ್ ಪ್ರತಿ, ಕಾಫಿ ಮತ್ತು ಅಡಿಕೆ ಮಾರಾಟದ ಪಟ್ಟಿ, ದಿನವಹಿ ಮಳೆಯ ಲೆಕ್ಕ ಎಲ್ಲವೂ ಅದರೊಳಗೆ ಸೇರಿವೆ. ಹಿಂದೆ ಇವು ಹತ್ತಾರು ಪುಸ್ತಕಗಳಲ್ಲಿ ಹಂಚಿಹೋಗಿದ್ದವು. ಒಂದಕ್ಕೆ ಗೆದ್ದಲು ಹಿಡಿದರೂ ಉಳಿದವು ಇರುತ್ತಿದ್ದವು. ಈಗ ಒಂದು ಯಂತ್ರ ಕೆಟ್ಟರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಆದಕಾರಣ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಡಲೇಬೇಕು. ಯಾವ ಡಿಸ್ಕು, ಯಾವ ಕೇಬಲ್ಲು ಎಂದು ಕಚೇರಿಗೆ ಬಂದು ಕೇಳುವವರು ಹೆಚ್ಚಿರುವುದರಿಂದ ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಪೇಟೆಯಲ್ಲಿ ಎರಡು ಜಾತಿಯ ಡಿಸ್ಕುಗಳಿವೆ. ಮೊದಲನೆಯದು ಹಾರ್ಡ್ ಡಿಸ್ಕ್. ಇದರೊಳಗೆ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಓದುವ ಮುಳ್ಳು ಓಡಾಡುತ್ತದೆ. ತಿರುಗುತ್ತಿರುವಾಗ ಮೇಜಿನಿಂದ ಬಿದ್ದರೆ ಕೆಲಸ ಮುಗಿದಂತೆಯೇ. ಎರಡನೆಯದು ಎಸ್‌ಎಸ್‌ಡಿ. ಇದರಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್ಪು. ಜೀಪಿನಲ್ಲಿ ಕೊಂಡೊಯ್ಯುವವರಿಗೆ ಇದೇ ಸರಿ. ಆದರೆ ಅಷ್ಟೇ ಜಾಗಕ್ಕೆ ಹಾರ್ಡ್ ಡಿಸ್ಕಿಗಿಂತ ಬೆಲೆ ಹೆಚ್ಚು. ಮತ್ತೊಂದು ಸಂಗತಿ ಹಲವರಿಗೆ ತಿಳಿದಿಲ್ಲ: ಎಸ್‌ಎಸ್‌ಡಿಯು ಮಾಹಿತಿಯನ್ನು ವಿದ್ಯುತ್ ಆವೇಶದ ರೂಪದಲ್ಲಿ ಹಿಡಿದಿಡುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದೆ ಬೀರುವಿನಲ್ಲಿ ಬಿದ್ದಿದ್ದರೆ ಆ ಆವೇಶ ಸೋರಿ ಮಾಹಿತಿ ಕೆಡುವ ಸಂಭವವುಂಟು. ಆಗಾಗ ಜೋಡಿಸಿ ಬಳಸುವ ಪ್ರತಿಗೆ ಎಸ್‌ಎಸ್‌ಡಿ, ಇಟ್ಟು ಕಾಯುವ ಹಳೆಯ ದಾಖಲೆಗೆ ಹಾರ್ಡ್ ಡಿಸ್ಕ್ ಎಂಬುದು ನಮ್ಮ ಅಭಿಪ್ರಾಯ.

ಹಾರ್ಡ್ ಡಿಸ್ಕಿನಲ್ಲಿಯೂ ಎರಡು ಅಳತೆ. ಎರಡೂವರೆ ಇಂಚಿನದು ಲ್ಯಾಪ್‌ಟಾಪಿನಿಂದಲೇ ಕರೆಂಟು ಎಳೆದುಕೊಳ್ಳುತ್ತದೆ. ಮೂರೂವರೆ ಇಂಚಿನದಕ್ಕೆ ಬೇರೆ ಅಡಾಪ್ಟರ್ ಬೇಕು. ಮಳೆಗಾಲದಲ್ಲಿ ದಿನಕ್ಕೆ ಹತ್ತು ಬಾರಿ ಕರೆಂಟು ಹೋಗುವ ನಮ್ಮ ಊರುಗಳಲ್ಲಿ, ಬರೆಯುವ ಮಧ್ಯದಲ್ಲಿ ಅದು ನಿಂತುಹೋಗುವ ಅಪಾಯ ಇದ್ದೇ ಇದೆ. ಲ್ಯಾಪ್‌ಟಾಪಿಗಾದರೆ ತನ್ನದೇ ಬ್ಯಾಟರಿ ಉಂಟು. ಆದ್ದರಿಂದ ಚಿಕ್ಕದನ್ನೇ ಕೊಳ್ಳಿರಿ.

ಇನ್ನು ಜೋಡಣೆಯ ವಿಚಾರ. ಗೊಂದಲ ಹೆಚ್ಚಾಗಿರುವುದು ಇಲ್ಲಿಯೇ. ಯುಎಸ್‌ಬಿ 2.0 ಎಂಬುದರ ವೇಗ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟಾದ್ದರಿಂದ 60 ಮೆಗಾಬೈಟ್ ಎಂದಾಯಿತು. ಕೈಗೆ ಸಿಗುವುದು ಸುಮಾರು 35 ಮಾತ್ರ. 2008ರಲ್ಲಿ ಬಂದ ಯುಎಸ್‌ಬಿ 3.0ರ ವೇಗ 5 ಗಿಗಾಬಿಟ್. ಇದೇ ವಸ್ತುವಿಗೆ ಮುಂದೆ 3.1 ಜೆನ್ 1 ಎಂದೂ, ಆನಂತರ 3.2 ಜೆನ್ 1 ಎಂದೂ ಹೆಸರಿಟ್ಟರು. ಹೆಸರು ಮೂರಾದರೂ ವೇಗ ಒಂದೇ. ಹೊಸ ಹೆಸರು ನೋಡಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಜೆನ್ 2 ಎಂದಿದ್ದರೆ 10 ಗಿಗಾಬಿಟ್.

ಒಂದು ಲೆಕ್ಕ ಹಾಕಿ ನೋಡೋಣ. 200 ಗಿಗಾಬೈಟಿನಷ್ಟು ಫೋಟೋ ಮತ್ತು ದಾಖಲೆಗಳನ್ನು ಪ್ರತಿ ಮಾಡಬೇಕೆನ್ನಿ. ಯುಎಸ್‌ಬಿ 2.0ರಲ್ಲಿ ಒಂದು ಗಂಟೆ 35 ನಿಮಿಷ ಹಿಡಿಯುತ್ತದೆ. 3.0ರಲ್ಲಿ ಸಾಧಾರಣ ಹಾರ್ಡ್ ಡಿಸ್ಕು ಸೆಕೆಂಡಿಗೆ 120 ಮೆಗಾಬೈಟಿನಂತೆ ಬರೆದರೆ 28 ನಿಮಿಷ. ಎಸ್‌ಎಸ್‌ಡಿಯು 400ರಂತೆ ಬರೆದರೆ ಎಂಟೂವರೆ ನಿಮಿಷ ಸಾಕು. ಸಾವಿರಾರು ಸಣ್ಣ ಸಣ್ಣ ಫೈಲುಗಳಾದರೆ ಎಲ್ಲದರಲ್ಲಿಯೂ ಇನ್ನಷ್ಟು ಹೊತ್ತಾಗುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಹಾರ್ಡ್ ಡಿಸ್ಕಿಗೆ 5 ಗಿಗಾಬಿಟ್ ಧಾರಾಳವಾಯಿತು. ಅದಕ್ಕೆಂದು 40 ಗಿಗಾಬಿಟ್ಟಿನ ಥಂಡರ್‌ಬೋಲ್ಟ್ ಹುಡುಕುವುದು ದುಡ್ಡು ದಂಡ. ಅದೇ ರೀತಿ, ಉತ್ತಮ ಎಸ್‌ಎಸ್‌ಡಿ ತಂದು ಹಳೆಯ 2.0 ತೂತಿಗೆ ಚುಚ್ಚುವುದು ಮೂರಿಂಚಿನ ಪಂಪಿಗೆ ಒಂದಿಂಚಿನ ಪೈಪು ಹಾಕಿದಂತೆ. ಲ್ಯಾಪ್‌ಟಾಪಿನ ತೂತು, ಕೇಬಲ್ಲು, ಡಿಸ್ಕು ಈ ಮೂರರಲ್ಲಿ ಯಾವುದು ನಿಧಾನವೋ ಅದರ ವೇಗವೇ ಎಲ್ಲಕ್ಕೂ.

ಅಂಡಾಕಾರದ ಟೈಪ್-ಸಿ ಮೂತಿ ಇದ್ದ ಮಾತ್ರಕ್ಕೆ ವೇಗ ಇದೆ ಎಂದು ತಿಳಿಯಬಾರದು. ಅದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಫೋನ್ ಚಾರ್ಜರಿನ ಜೊತೆ ಬರುವ ಟೈಪ್-ಸಿ ಕೇಬಲ್ಲುಗಳಲ್ಲಿ ಬಹಳಷ್ಟು 2.0 ವೇಗದವೇ. ಡಿಸ್ಕಿನ ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನು ಬೇರೆ ಕೆಲಸಕ್ಕೆ ಬಳಸದೆ ಜೋಪಾನವಾಗಿ ಇಡಿರಿ. ಅದು ಗಿಡ್ಡವಾಗಿರುವುದಕ್ಕೂ ಕಾರಣವಿದೆ: ತೆಳ್ಳಗಿನ ಉದ್ದ ಕೇಬಲ್ಲಿನಲ್ಲಿ ವೋಲ್ಟೇಜು ಇಳಿದು ಡಿಸ್ಕು ಟಿಕ್ ಟಿಕ್ ಎನ್ನುತ್ತಾ ನಿಂತುಬಿಡಬಹುದು. ಯುಎಸ್‌ಬಿ 2.0 ತೂತು ಕೊಡುವುದು 500 ಮಿಲಿಆಂಪಿಯರ್, 3.0 ತೂತು 900. ಚೌಕ ತೂತಿನ ಒಳಗಿನ ನಾಲಿಗೆ ನೀಲಿಯಾಗಿದ್ದರೆ ಸಾಮಾನ್ಯವಾಗಿ ಅದು 3.0 ಎಂದರ್ಥ.

ಹೊಸ ಡಿಸ್ಕು ತಂದಾಗ 1 ಟೆರಾಬೈಟ್ ಎಂದಿದ್ದದ್ದು ವಿಂಡೋಸ್‌ನಲ್ಲಿ 931 ಗಿಗಾಬೈಟ್ ಎಂದು ತೋರಿದರೆ ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಹಾಗೆ. ಆದರೆ ಹತ್ತಾರು ಟೆರಾಬೈಟಿನ ಎಸ್‌ಎಸ್‌ಡಿ ಎಂದು ಕವಡೆ ಕಾಸಿಗೆ ಮಾರುವುದು ಬರಿಯ ಮೋಸ. ಅದು ಜಾಗ ಇದೆಯೆಂದು ತೋರಿಸುತ್ತದೆ, ಬರೆದದ್ದು ಮಾತ್ರ ಉಳಿಯುವುದಿಲ್ಲ. ಮನೆಯಲ್ಲಿ ಮಕ್ಕಳು ಮ್ಯಾಕ್ ಬಳಸುವವರಾದರೆ ಡಿಸ್ಕನ್ನು ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿಸಿ; ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ತಾನಾಗಿ ಅದರಲ್ಲಿ ಬರೆಯುವುದಿಲ್ಲ. ವಿಂಡೋಸ್ ಒಂದನ್ನೇ ಬಳಸುವವರು ಎನ್‌ಟಿಎಫ್‌ಎಸ್‌ನಲ್ಲಿಯೇ ಇರುವುದು ಮೇಲು. ಬರೆಯುವಾಗ ಕೇಬಲ್ಲು ಕಿತ್ತುಬಂದರೂ ಅದು ಹೆಚ್ಚು ತಾಳಿಕೊಳ್ಳುತ್ತದೆ.

ನಮ್ಮ ಸದಸ್ಯರೊಬ್ಬರು ಡಿಸ್ಕು ಕೊಂಡು ಹಗಲಿರುಳೂ ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಇಟ್ಟಿದ್ದರು. ಹೂಮಳೆಯ ಕಾಲದ ಒಂದು ಸಂಜೆ ಸಿಡಿಲು ವಯರಿನ ಮೂಲಕ ನುಗ್ಗಿ ಲ್ಯಾಪ್‌ಟಾಪನ್ನೂ ಡಿಸ್ಕನ್ನೂ ಒಂದೇ ಏಟಿಗೆ ಸುಟ್ಟಿತು. ಒಂಬತ್ತು ವರ್ಷದ ಫಸಲಿನ ಲೆಕ್ಕ, ಅಣ್ಣತಮ್ಮಂದಿರ ಪಾಲಿನ ಹಣಕಾಸಿನ ವಿವರ ಎಲ್ಲವೂ ಹೋಯಿತು. ಪಾಲುದಾರರ ಮುಂದೆ ಇಡಲು ಅವರಲ್ಲಿ ಉಳಿದದ್ದು ನಮ್ಮ ಸಂಘದ ತೂಕದ ಚೀಟಿಗಳು ಮಾತ್ರ. ಕಂಪ್ಯೂಟರಿನೊಳಗೆ ನುಗ್ಗಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸು ಸಹ ಹೀಗೆಯೇ, ಜೋಡಿಸಿಟ್ಟ ಡಿಸ್ಕನ್ನು ಬಿಡುವುದಿಲ್ಲ. ವಾರಕ್ಕೊಮ್ಮೆ, ಬಟವಾಡೆ ಮುಗಿಸಿದ ಮೇಲೆ, ಚಾರ್ಜರಿನ ಪ್ಲಗ್ಗು ಕಿತ್ತು ಬ್ಯಾಟರಿಯ ಮೇಲೆಯೇ ಪ್ರತಿ ಮಾಡಿರಿ. ಮುಗಿದೊಡನೆ ಪರದೆಯ ಮೇಲಿನ ಎಜೆಕ್ಟ್ ಒತ್ತಿ, ಅನುಮತಿ ಬಂದ ನಂತರ ಕೇಬಲ್ಲು ತೆಗೆಯಿರಿ.

ತೆಗೆದ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಬೇಕು. ಆಷಾಢದ ತೇವಕ್ಕೆ ಚಪ್ಪಲಿಯೇ ಬೂಷ್ಟು ಹಿಡಿಯುವಾಗ ಡಿಸ್ಕಿನ ಮೂತಿ ಕಿಲುಬುಗಟ್ಟುವುದೇನೂ ಆಶ್ಚರ್ಯವಲ್ಲ. ಅಡಿಕೆ ಬೇಯಿಸುವ ಒಲೆಯ ಅಟ್ಟದ ಮೇಲೆ ಬೆಚ್ಚಗಿರುತ್ತದೆಂದು ಇಡುವುದು ಬೇಡ. ಹೊಗೆ, ಬಿಸಿ ಎರಡೂ ಅದಕ್ಕೆ ಆಗದು. ಅನುಕೂಲವಿದ್ದವರು ಎರಡು ಡಿಸ್ಕು ಕೊಂಡು, ಒಂದನ್ನು ಪಟ್ಟಣದ ಮಗಳ ಮನೆಯಲ್ಲೋ ಬ್ಯಾಂಕಿನ ಲಾಕರಿನಲ್ಲೋ ಇರಿಸಿ ಮೂರು ತಿಂಗಳಿಗೊಮ್ಮೆ ಅದಲುಬದಲು ಮಾಡಿದರೆ ಬಹಳ ಒಳ್ಳೆಯದು. ಹಾಗೆ ಬದಲಿಸುವಾಗ ಒಂದೆರಡು ಕಡತಗಳನ್ನು ಡಿಸ್ಕಿನಿಂದಲೇ ತೆರೆದು ಓದಿ ನೋಡಿರಿ.

ತಮ್ಮ ಕೇಬಲ್ಲು ಯಾವ ವೇಗದ್ದೆಂದು ತಿಳಿಯದ ಸದಸ್ಯರು ಅದನ್ನು ಡಿಸ್ಕಿನೊಡನೆ ಸಂತೆಯ ದಿನ ಸಂಘದ ಕಚೇರಿಗೆ ತಂದರೆ ಪರೀಕ್ಷಿಸಿ ತಿಳಿಸಲಾಗುವುದು.