ಕ್ಯಾರವಾನಿನಲ್ಲಿ ಬೆಟ್ಟಕ್ಕೆ ಹೊರಡುವ ಮುನ್ನ

ಮೇ ತಿಂಗಳಲ್ಲಿ ಕ್ಯಾರವಾನ್ ಬಾಡಿಗೆಗೆ ಹಿಡಿದು ಮನೆಮಂದಿಯೊಂದಿಗೆ ಮುಳ್ಳಯ್ಯನಗಿರಿಗೆ ಹೋಗಬೇಕೆಂಬುದು ಸಾದಲಿಯ ಓದುಗರೊಬ್ಬರ ಆಸೆ. ಸುಮಾರು 1,930 ಮೀಟರ್ ಎತ್ತರದ ಅದು ರಾಜ್ಯದ ಅತಿ ಎತ್ತರದ ಶಿಖರ. ಆದರೆ ಮೇಲಿನ ದಾರಿ ಕಿರಿದು. ಎದುರು ಜೀಪು ಬಂದರೆ ಉದ್ದನೆಯ ಗಾಡಿ ಹಿಂದಕ್ಕೂ ಸರಿಯದು, ಪಕ್ಕಕ್ಕೂ ಸರಿಯದು. ಮೊದಲೇ ಒಪ್ಪಿಗೆ ಪಡೆದು ಚಿಕ್ಕಮಗಳೂರಿನ ಹೋಂಸ್ಟೇ ಅಂಗಳದಲ್ಲಿ ಕ್ಯಾರವಾನ್ ನಿಲ್ಲಿಸಿ, ಮೇಲಕ್ಕೆ ಬಾಡಿಗೆ ಜೀಪು ಹತ್ತುವುದೇ ಲೇಸು.

ಕಾಡಂಚಿನ ರಸ್ತೆಬದಿಯಲ್ಲಿ ಮಲಗುವುದು ಬೇಡವೇ ಬೇಡ.

ಮೇ ತಿಂಗಳಲ್ಲಿ ಮಧ್ಯಾಹ್ನದ ತನಕ ಬಿಸಿಲು, ಸಂಜೆಗೆ ಗುಡುಗು ಮಳೆ. ಸುತ್ತಾಟ ಬೆಳಗ್ಗೆಯೇ ಮುಗಿಯಲಿ. ಘಾಟಿಯನ್ನು ಹತ್ತಿದ ಗೇರಿನಲ್ಲೇ ಇಳಿಯಬೇಕು. ಒತ್ತಿಹಿಡಿದ ಬ್ರೇಕ್ ಕಾದು ಕೈಕೊಡುತ್ತದೆ. ಕಿಟಕಿ ಮುಚ್ಚಿ ಗ್ಯಾಸ್ ಒಲೆ ಉರಿಸಿ ಮಲಗಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವವನ್ನೇ ತೆಗೆದೀತು.

ಮೊದಲ ತಾಲೀಮಿಗೆ ಸಾದಲಿಗೆ ಹತ್ತಿರದ ನಂದಿ ಬೆಟ್ಟದ ತಪ್ಪಲು ಸಾಕು.