ಟೋಕೇ ಹಲ್ಲಿ: ಗುಣವೂ ವದಂತಿಯೂ

ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುವುದೆಂಬ ನಂಬಿಕೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅದು ಮೈಮೇಲೆ ಬಿದ್ದರೆ ಉಂಟಾಗುವ ಫಲಗಳ ಪಟ್ಟಿಗೆ ಪಂಚಾಂಗಗಳಲ್ಲಿಯೂ ಸ್ಥಾನವುಂಟು. ಇದರಿಂದ ಗೋಡೆಯ ಹಲ್ಲಿಗೆ ಹೆಚ್ಚಿನ ಕೇಡೇನೂ ಒದಗಿಲ್ಲ. ಆದರೆ ಅದರ ಬಂಧುವಾದ ಟೋಕೇ ಹಲ್ಲಿಗೆ ಮನುಷ್ಯನ ಹುಸಿನಂಬಿಕೆಯೇ ಮೃತ್ಯುವಾಗಿ ಪರಿಣಮಿಸಿದೆ.

ಈಶಾನ್ಯ ಭಾರತ, ನೇಪಾಳ, ಬಾಂಗ್ಲಾದೇಶಗಳಿಂದ ಮೊದಲ್ಗೊಂಡು ದಕ್ಷಿಣ ಚೀನ, ಇಂಡೋನೇಷ್ಯ, ಫಿಲಿಪ್ಪೀನ್ಸ್‌ಗಳವರೆಗೆ ಇದರ ನೆಲೆಯು ಹಬ್ಬಿದೆ. ಚೆನ್ನಾಗಿ ಬೆಳೆದ ಗಂಡು ಬಾಲಸಹಿತವಾಗಿ 35 ಸೆಂಟಿಮೀಟರು ಉದ್ದವಿರಬಲ್ಲುದು. ನೀಲಿ ಬೆರೆತ ಬೂದುಬಣ್ಣದ ಮೈ. ಅದರ ಮೇಲೆ ಕಿತ್ತಳೆ, ಕೆಂಪು ವರ್ಣದ ಚುಕ್ಕೆಗಳು. ಹಗಲಿನಲ್ಲಿ ಮರದ ಪೊಟರೆಯಲ್ಲಿಯೋ ಮನೆಯ ಸೂರಿನಲ್ಲಿಯೋ ಅಡಗಿದ್ದು, ಇರುಳಿನಲ್ಲಿ ಹೊರಟು ಜಿರಲೆ, ಮಿಡತೆ ಮೊದಲಾದವನ್ನು ಬೇಟೆಯಾಡುತ್ತದೆ. ರೆಪ್ಪೆಗಳಿಲ್ಲದ ಕಣ್ಣುಗಳನ್ನು ನಾಲಿಗೆಯಿಂದಲೇ ಒರೆಸಿಕೊಳ್ಳುತ್ತದೆ. ಗಂಡು ‘ಟೋ-ಕೇ’ ಎಂದು ಗಟ್ಟಿಯಾಗಿ ಕೂಗುವುದರಿಂದ ಈ ಹೆಸರು ಬಂದಿದೆ. ಅನುಕರಣ ಶಬ್ದಕ್ಕೆ ಇದೊಂದು ಸೊಗಸಾದ ಉದಾಹರಣೆ. ಹೆಣ್ಣು ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಟ್ಟು ಗಟ್ಟಿಯಾದ ಆಸರೆಗೆ ಅಂಟಿಸುತ್ತದೆ. ಅವನ್ನು ಕಾಯುವಾಗ ಶತ್ರುವಿನ ಮೇಲೆ ಬಾಯ್ದೆರೆದು ಎರಗುವುದೂ ಉಂಟು.

ಇದರ ನಿಜವಾದ ಅತಿಶಯವಿರುವುದು ಪಾದಗಳಲ್ಲಿ. ನುಣುಪಾದ ಗಾಜಿನ ಮೇಲೂ ಇದು ಸಲೀಸಾಗಿ ಏರಬಲ್ಲುದು. ಪಾದದಲ್ಲಿ ಅಂಟುದ್ರವವಿಲ್ಲ. ಒಂದೊಂದು ಪಾದದ ಅಡಿಯಲ್ಲಿಯೂ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿವೆ; ಒಂದೊಂದು ರೋಮದ ತುದಿಯೂ ನೂರಾರು ಕವಲುಗಳಾಗಿ ಒಡೆದಿದೆ. ಈ ತುದಿಗಳು ಮೇಲ್ಮೈಗೆ ಅತಿ ಸಮೀಪವಾದಾಗ ಅಣುಗಳ ನಡುವಿನ ಆಕರ್ಷಣೆಯೇ ಹಿಡಿತವನ್ನುಂಟುಮಾಡುತ್ತದೆ. ಬೆರಳುಗಳನ್ನು ತುದಿಯಿಂದ ಸುರುಳಿಸಿ ಎತ್ತಿದೊಡನೆ ಹಿಡಿತವು ಬಿಡುತ್ತದೆ. ಅಮೆರಿಕದ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2000ರಲ್ಲಿ ಒಂದೇ ರೋಮದ ಬಲವನ್ನು ಅಳೆದು, 2002ರಲ್ಲಿ ಈ ಆಕರ್ಷಣೆಗೆ ಪ್ರಮಾಣವನ್ನೊದಗಿಸಿದರು. ಈ ಪಾದವನ್ನು ಅನುಸರಿಸಿ, ಒಣಗಿದ್ದೂ ಅಂಟುವ ಪಟ್ಟಿಗಳನ್ನು ವಿಜ್ಞಾನಿಗಳು ನಿರ್ಮಿಸಿದ್ದಾರೆ.

ಇಂತಹ ಪ್ರಾಣಿಯನ್ನು ಚೀನೀ ವೈದ್ಯದಲ್ಲಿ ಉಬ್ಬಸದ ಔಷಧಕ್ಕಾಗಿ ಒಣಗಿಸಿ ಬಳಸುವ ರೂಢಿ ಹಳೆಯದು. 2010ರ ಆಸುಪಾಸಿನಲ್ಲಿ, ಇದು ಏಡ್ಸ್ ರೋಗಕ್ಕೂ ಮದ್ದೆಂಬ ವದಂತಿ ಹಬ್ಬಿತು. ಆಧಾರವಿಲ್ಲದ ಆ ಮಾತಿಗೆ ದೊಡ್ಡ ಬೆಲೆ ಕಟ್ಟಲಾಯಿತು. ಈಶಾನ್ಯ ಭಾರತದಲ್ಲಿಯೂ ಕಳ್ಳಸಾಗಣೆ ನಡೆಯಿತು. ಇದನ್ನು ನಂಬಿ ಸರಿಯಾದ ಚಿಕಿತ್ಸೆಯನ್ನು ಬಿಟ್ಟರೆ ಅಪಾಯವಾದೀತೆಂದು 2011ರಲ್ಲಿ ಫಿಲಿಪ್ಪೀನ್ಸ್ ಸರಕಾರ ಎಚ್ಚರಿಸಿತು. 2019ರಲ್ಲಿ ಈ ಹಲ್ಲಿಯ ಅಂತರರಾಷ್ಟ್ರೀಯ ವ್ಯಾಪಾರವು ನಿಯಂತ್ರಣಕ್ಕೆ ಒಳಪಟ್ಟಿತು.

ಇಲ್ಲದ ಗುಣವನ್ನು ಆರೋಪಿಸಿ ಕೊಂದವರು ಹಲ್ಲಿಯನ್ನೂ ಕೆಡಿಸಿದರು, ರೋಗಿಯನ್ನೂ ವಂಚಿಸಿದರು. ಇರುವ ಗುಣವನ್ನು ತಾಳ್ಮೆಯಿಂದ ಪರೀಕ್ಷಿಸಿದವರು ಲೋಕಕ್ಕೆ ಹೊಸ ಅರಿವನ್ನು ಕೊಟ್ಟರು. ಶಕುನಕ್ಕಿಂತ ಅರಿವನ್ನು, ಹಿಂಸೆಗಿಂತ ದಯೆಯನ್ನು ಹಿರಿದೆಂದ ಶರಣರ ನಾಡಿನ ವಿದ್ಯಾರ್ಥಿಗಳಿಗೆ ಈ ಪಾಠ ಹೊಸದಲ್ಲ. ಆದರೆ ಮತ್ತೆ ಮತ್ತೆ ಕಲಿಯತಕ್ಕದ್ದು.